ಆರು ಸೊನ್ನೆಗಳು

ತುಮಕೂರಿನ ನಮ್ಮ ಮನೆಯ ಹಾಲ್‌ನಲ್ಲಿ ಮೊದಲು ಟಿವಿ ಇದ್ದ ಜಾಗದಲ್ಲಿ ಈಗ ಇನ್ನೂರು ಲೀಟರ್ ಸಮುದ್ರ ಇದೆ. ಅದನ್ನು ತಂದವರು ನಮ್ಮ ಮಾಮು, ಅಂದರೆ ಅಮ್ಮಿಯ ತಮ್ಮ. ಹನ್ನೊಂದು ವರ್ಷ ಅವರು ಶಾರ್ಜಾದಲ್ಲಿ ಒಬ್ಬರ ಮನೆಯಲ್ಲಿ ಡ್ರೈವರ್ ಆಗಿದ್ದರು. ಆ ಮನೆಯಲ್ಲಿ ಗೋಡೆಯಷ್ಟು ದೊಡ್ಡ ಉಪ್ಪುನೀರಿನ ಅಕ್ವೇರಿಯಂ ಇತ್ತಂತೆ. ಗಾಡಿ ಕೆಲಸ ಇಲ್ಲದ ಹೊತ್ತಿನಲ್ಲಿ ಅದನ್ನು ನೋಡಿಕೊಳ್ಳಲು ಬರುತ್ತಿದ್ದವನ ಜೊತೆ ನಿಂತು ಒಂದಿಷ್ಟು ಕಲಿತರು. ಈ ಜೂನ್‌ನಲ್ಲಿ ಕೆಲಸ ಹೋಗಿ ಊರಿಗೆ ಬಂದವರು, "ಇನ್ನು ಇದನ್ನೇ ದಂಧೆ ಮಾಡಿಕೊಳ್ತೀನಿ" ಅಂದರು. ಪರಿಚಯದ ದಂತವೈದ್ಯರೊಬ್ಬರು, "ಮೊದಲು ನಿಮ್ಮ ಮನೆಯಲ್ಲಿ ಒಂದು ಮಾಡಿ ತೋರಿಸಿ, ಚೆನ್ನಾಗಿ ನಡೆದರೆ ನನ್ನ ಕ್ಲಿನಿಕ್‌ಗೂ ಮಾಡಿಸ್ತೀನಿ" ಅಂದಿದ್ದರು. ಹಾಗಾಗಿ ನಮ್ಮ ಮನೆಯದು ಬರೀ ಶೋಕಿಗೆ ಇಟ್ಟ ತೊಟ್ಟಿಯಲ್ಲ.

ನಾನು ಕಾಮರ್ಸ್ ಓದುವವಳಾದ್ದರಿಂದ ಲೆಕ್ಕದ ಪುಸ್ತಕ ನನ್ನ ಪಾಲಿಗೆ ಬಂತು. ದಿನಾ ಸಂಜೆ ಮಗ್ರಿಬ್ ಆದಮೇಲೆ ನೀರು ಪರೀಕ್ಷಿಸಿ ಬರೆಯಬೇಕು. ತಾಪಮಾನ 26 ಡಿಗ್ರಿ, ಉಪ್ಪಿನ ಅಳತೆ 1.025, ಆಮೇಲೆ ಅಮೋನಿಯಾ, ನೈಟ್ರೈಟ್, ನೈಟ್ರೇಟ್. ಡಾಕ್ಟರ್ ಬಂದಾಗ ತೊಟ್ಟಿಯ ಜೊತೆ ಈ ಪುಸ್ತಕವನ್ನೂ ತೋರಿಸಬೇಕೆಂಬುದು ಮಾಮು ಯೋಚನೆ.

ನಮ್ಮ ಬೋರ್‌ವೆಲ್ ನೀರು ಎಷ್ಟು ಗಡಸು ಅಂದರೆ ಸ್ಟೀಲ್ ಬಿಂದಿಗೆಯ ಒಳಗೆಲ್ಲ ಬಿಳಿ ಪೊರೆ ಕಟ್ಟುತ್ತದೆ. ಅದನ್ನು ಹಾಗೇ ಹಾಕುವಂತಿಲ್ಲ. ಆರ್‌ಓ ಮಾಡಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಸಮುದ್ರದ ಉಪ್ಪಿನ ಮಿಶ್ರಣ ಹಾಕಿ ಕಲಸಬೇಕು. ಅಡುಗೆ ಉಪ್ಪು ನಡೆಯುವುದಿಲ್ಲ. ಇನ್ನೂರು ಲೀಟರಿಗೆ ಏಳು ಕಿಲೋ ಉಪ್ಪು. ಆರ್‌ಓ ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಅಮ್ಮಿ ತಿಂಗಳಿಡೀ ನೆಲ ಒರೆಸಿದರು, ಗೊಣಗಿಕೊಂಡೇ.

ಮೊದಲ ತಪ್ಪು ನಾನು ಜುಲೈನಲ್ಲೇ ಮಾಡಿದೆ. ನೀರು ಆವಿಯಾಗಿ ಮಟ್ಟ ಇಳಿದಿತ್ತು, ನಾನು ಉಪ್ಪುನೀರನ್ನೇ ಸೇರಿಸುತ್ತಾ ಹೋದೆ. ಅಳತೆ 1.028ಕ್ಕೆ ಏರಿತು. ಮಾಮು ನಕ್ಕು, "ಆವಿಯಾಗಿ ಹೋಗೋದು ನೀರು ಬೇಟಾ. ಉಪ್ಪು ಎಲ್ಲಿಗೆ ಹೋಗುತ್ತೆ?" ಅಂದರು. ಅಂದಿನಿಂದ ಇಳಿದ ಮಟ್ಟಕ್ಕೆ ಬರೀ ಸಿಹಿನೀರು.

ಹೊಸ ತೊಟ್ಟಿಗೆ ತಕ್ಷಣ ಮೀನು ಬಿಡುವಂತಿಲ್ಲ. ಮೀನಿನ ಹೊಲಸು, ತಿನ್ನದೆ ಉಳಿದ ಮೇವು ಇವೆಲ್ಲ ಕೊಳೆತರೆ ಅಮೋನಿಯಾ ಆಗುತ್ತದೆ. ಕಲ್ಲಿನಲ್ಲಿ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯವಲ್ಲ, ನೀರು ಬದಲಾಯಿಸಿ ಕಡಿಮೆ ಮಾಡಬಹುದು. ಈ ಬ್ಯಾಕ್ಟೀರಿಯಾ ಬೆಳೆಯಲು ವಾರಗಟ್ಟಲೆ ಬೇಕು. ಅವುಗಳಿಗೆ ಊಟವಾಗಲೆಂದು ಮಾಮು ಒಂದು ಸೀಗಡಿಯನ್ನು ನೀರಿನಲ್ಲಿ ಹಾಕಿ ಕೊಳೆಯಲು ಬಿಟ್ಟರು. ಮನೆಗೆ ಬಂದ ನೆಂಟರಿಗೆಲ್ಲ ಅಮ್ಮಿ ಅದನ್ನು ಹೇಳಿದ್ದೇ ಹೇಳಿದ್ದು. ನನ್ನ ಪುಸ್ತಕದಲ್ಲಿ ಅಮೋನಿಯಾ ಏರಿ ಇಳಿಯಿತು, ಅದರ ಹಿಂದೆ ನೈಟ್ರೈಟ್ ಏರಿ ಇಳಿಯಿತು. ಐದು ವಾರವಾದಾಗ ಎರಡೂ ಸೊನ್ನೆ. ಅಷ್ಟರಲ್ಲಿ ಕಲ್ಲು, ಮರಳಿನ ಮೇಲೆಲ್ಲ ಕಂದು ಪಾಚಿ ಹರಡಿತ್ತು. ಹೊಸ ತೊಟ್ಟಿಗಳಲ್ಲಿ ಅದು ಬಂದು ಹೋಗುವಂಥದ್ದೇ. ಅದನ್ನು ಮೇಯಲು ನಾಲ್ಕು ಬಸವನಹುಳು ಬಂದವು. ಕೊನೆಗೆ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನು. ತೊಟ್ಟಿಯಲ್ಲೇ ಮರಿ ಮಾಡಿಸಿದವು, ಸಮುದ್ರದಿಂದ ಹಿಡಿದವಲ್ಲ. ಹವಳದ ಮಾತು ಆಮೇಲೆ ಅಂದರು ಮಾಮು. ನಮ್ಮ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಸುತ್ತಲೂ ಹವಳ ಇದೆ, ಆದರೆ ಗಟ್ಟಿ ಹವಳವನ್ನು ಸಮುದ್ರದಿಂದ ಕಿತ್ತು ತರುವುದು ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಸೆಪ್ಟೆಂಬರ್‌ನಲ್ಲಿ ಮಿಡ್‌ಟರ್ಮ್ ಬಂತು. ಅಮೋನಿಯಾ ನೋಡಬೇಕೆಂದರೆ ಪುಟ್ಟ ನಳಿಗೆಯಲ್ಲಿ ನೀರು ಹಿಡಿದು, ಎರಡು ಬಾಟಲಿಯಿಂದ ಹನಿ ಹಾಕಿ, ಐದು ನಿಮಿಷ ಕಾಯಬೇಕು. ಹಳದಿ ಬಂದರೆ ಸೊನ್ನೆ, ಹಸಿರಾದರೆ ಅಪಾಯ. ದಿನಾ ಹಳದಿಯೇ ಬರುತ್ತಿತ್ತು. ನೀರು ಗಾಜಿನ ಹಾಗೆ ತಿಳಿಯಾಗಿತ್ತು. ಮರುದಿನ ಅಕೌಂಟೆನ್ಸಿ. ನಾನು ನೀರು ನೋಡದೆ ಸೊನ್ನೆ ಬರೆದೆ. ಮಾರನೆಯ ದಿನವೂ ಬರೆದೆ. ಹಾಗೆ ಆರು ದಿನ.

ಏಳನೆಯ ದಿನ ಬೆಳಿಗ್ಗೆ ಚಿಕ್ಕ ಮೀನು ಫಿಲ್ಟರ್ ಬಾಯಿಗೆ ಅಂಟಿಕೊಂಡು ಸತ್ತಿತ್ತು.

ಮಾಮು ಮೊದಲು ತೆರೆದದ್ದು ನನ್ನ ಪುಸ್ತಕವನ್ನೇ. "ಅಮೋನಿಯಾ ಅಲ್ಲ, ಎಲ್ಲ ಸೊನ್ನೆ ಇದೆ" ಎಂದು ತಾವೇ ಹೇಳಿಕೊಂಡರು. ಆರ್‌ಓ ಮೆಂಬ್ರೇನ್ ಕೆಟ್ಟಿರಬೇಕು ಅಂತ ಅದನ್ನು ಬಿಚ್ಚಿದರು, ಹೊಸದು ತರಿಸಿದರು. ದುಡ್ಡು ಎಣಿಸಿ ಕೊಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಯಾರನ್ನೂ ಬೈಯದ ಮನುಷ್ಯನ ಎದುರು ತಪ್ಪು ಒಪ್ಪಿಕೊಳ್ಳುವುದು ಬೈಯುವವರ ಎದುರಿಗಿಂತ ಕಷ್ಟ, ಅದು ನನಗೆ ಗೊತ್ತಿರಲಿಲ್ಲ.

ಮರುದಿನ ರಾತ್ರಿ ಉಳಿದ ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಎಲ್ಲರೂ ಮಲಗಿದ ಮೇಲೆ ನಾನು ನಳಿಗೆ ತೆಗೆದೆ. ಐದು ನಿಮಿಷ ಕಾಯಬೇಕಾಗಲೇ ಇಲ್ಲ, ಹಸಿರು ಬಂತು. ಮಾಮುವನ್ನು ಎಬ್ಬಿಸಿ ಎಲ್ಲ ಹೇಳಿದೆ.

ಅವರು ಕನ್ನಡಕ ಹಾಕಿಕೊಂಡು ಹಸಿರನ್ನು ನೋಡಿದರು, ಪುಸ್ತಕವನ್ನು ನೋಡಿದರು. "ಎಷ್ಟು ದಿನ?" ಅಂದರು. "ಆರು" ಅಂದೆ. "ಬಕೆಟ್ ತಾ" ಅಂದರು, ಅಷ್ಟೇ.

ಕಲ್ಲು ಎತ್ತಿದಾಗ ಹಿಂದೆ ಎರಡು ಬಸವನಹುಳು ಸತ್ತು ಕೊಳೆತಿದ್ದವು. ಕೆಟ್ಟ ವಾಸನೆ. ಜೊತೆಗೆ, ನಾನು ಓದುವ ಹೊತ್ತಿನಲ್ಲಿ ತಮ್ಮ ದಿನಕ್ಕೆ ಮೂರು ಸಲ ಮೇವು ಹಾಕುತ್ತಿದ್ದನೆಂದು ಆಮೇಲೆ ತಿಳಿಯಿತು. ಹೊಸ ತೊಟ್ಟಿಯ ಬ್ಯಾಕ್ಟೀರಿಯಾಕ್ಕೆ ಅಷ್ಟನ್ನು ಅರಗಿಸಿಕೊಳ್ಳುವ ಶಕ್ತಿ ಇರಲಿಲ್ಲ. ಸಮುದ್ರದ ನೀರಿನ ಪಿಎಚ್ ಸುಮಾರು 8.2. ಪಿಎಚ್ ಏರಿದಷ್ಟೂ ಅಮೋನಿಯಾದಲ್ಲಿ ವಿಷದ ಪಾಲು ಹೆಚ್ಚು, ಆದ್ದರಿಂದ ಇಲ್ಲಿ ಸ್ವಲ್ಪವೂ ಬಹಳ. ಪುಣ್ಯಕ್ಕೆ ವಾರದ ಬದಲಾವಣೆಗೆಂದು ಕಲಸಿಟ್ಟಿದ್ದ ಐವತ್ತು ಲೀಟರ್ ಉಪ್ಪುನೀರು ಡ್ರಮ್ಮಿನಲ್ಲಿತ್ತು. ಅದನ್ನು ತೊಟ್ಟಿಯಷ್ಟೇ ಬೆಚ್ಚಗೆ ಮಾಡಿ ರಾತ್ರಿಯೇ ಬದಲಾಯಿಸಿದೆವು. ಇನ್ನೈವತ್ತು ಲೀಟರ್ ಕಲಸಿಟ್ಟು ಮರುದಿನ ಮತ್ತೊಮ್ಮೆ. ಎರಡು ದಿನ ಮೇವು ಬಂದ್. ಕಲ್ಲುಗಳನ್ನು ನಾನು ಉಜ್ಜಿ ತೊಳೆಯಲು ಹೋದಾಗ ಮಾಮು ತಡೆದರು. ಇದ್ದ ಬ್ಯಾಕ್ಟೀರಿಯಾವೂ ಹೋದರೆ ಮತ್ತೆ ಸೀಗಡಿಯಿಂದ ಶುರು ಮಾಡಬೇಕಲ್ಲ.

ಫಜರ್ ಹೊತ್ತಿಗೆ ಮೀನು ಕೆಳಗಿಳಿದು ಕಲ್ಲಿನ ಸಂದಿಗೆ ಹೋಗಿತ್ತು.

ಪುಸ್ತಕದ ಆ ಹಾಳೆ ಹರಿದು ಹೊಸದಾಗಿ ಬರೆಯಲೇ ಎಂದು ಕೇಳಿದೆ. "ನಿಮ್ಮ ಕಾಲೇಜಿನಲ್ಲಿ ಹಾಗೆ ಕಲಿಸ್ತಾರಾ?" ಅಂದರು. ಕಲಿಸುವುದಿಲ್ಲ. ತಪ್ಪಾದ ಅಂಕಿಯ ಮೇಲೆ ಒಂದೇ ಗೆರೆ ಎಳೆದು, ಕೆಳಗಿನದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಆರು ಸೊನ್ನೆಗಳ ಮೇಲೂ ಕೆಂಪು ಗೆರೆ ಎಳೆದೆ. ಸರಿಯಾದ ಅಂಕಿ ನನ್ನ ಹತ್ತಿರ ಇರಲಿಲ್ಲ. ಪ್ರತಿಯೊಂದರ ಪಕ್ಕದಲ್ಲೂ "ನೋಡಿಲ್ಲ" ಎಂದು ಬರೆದು ಸಹಿ ಮಾಡಿದೆ.

ಕಳೆದ ಭಾನುವಾರ ದಂತವೈದ್ಯರು ಬಂದಿದ್ದರು. ಒಂದೇ ಮೀನನ್ನು ಬಹಳ ಹೊತ್ತು ನೋಡಿದರು, ಚಹಾ ಕುಡಿದರು, ಪುಸ್ತಕ ತಿರುವಿದರು. ಕೆಂಪು ಗೆರೆಯ ಹಾಳೆ ಬಂದಾಗ "ಇದೇನು?" ಅಂದರು. ಮಾಮು ನನ್ನ ಕಡೆ ನೋಡಿದರು. ನಾನೇ ಹೇಳಿದೆ. ಡಾಕ್ಟರ್ ಏನೂ ಅನ್ನದೆ ಮುಂದಿನ ಹಾಳೆ ತಿರುವಿದರು.

ಆರ್ಡರ್ ಇನ್ನೂ ಕೊಟ್ಟಿಲ್ಲ. ಡಿಸೆಂಬರ್‌ನಲ್ಲಿ ಮತ್ತೊಮ್ಮೆ ಬಂದು ನೋಡುತ್ತಾರಂತೆ. ಇವತ್ತು ಸಂಜೆ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 10. ಬರೆಯುವ ಮೊದಲು ಎರಡು ಸಲ ನೋಡಿದೆ.