ಬಿಟ್ಟು ಹಿಡಿಯುವ ದಾರ

ಮೀನು ಹಿಡಿಯುವ ರೀಲಿನಲ್ಲಿ ಡ್ರ್ಯಾಗ್ ಎಂಬ ಒಂದು ಭಾಗವಿದೆ. ಅದಕ್ಕೊಂದು ಕನ್ನಡ ಪದ ಹುಡುಕುತ್ತ ಕಳೆದ ವರ್ಷ ನಾನು ಹತ್ತು ದಿನ ಕಳೆದೆ. ಪದಕ್ಕೆ ಇಷ್ಟು ಎಂದು ದುಡ್ಡು ಎಣಿಸಿಕೊಳ್ಳುವ ಅನುವಾದಕರ ಲೆಕ್ಕದಲ್ಲಿ ಇದು ಶುದ್ಧ ನಷ್ಟ. ಆದರೂ ಆ ಪದ ನನ್ನನ್ನು ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂಬುದನ್ನು ಹೇಳಲು ಈ ಪತ್ರ.

ಕೆಲಸ ಬಂದದ್ದು ಹೀಗೆ. ಒಂದು ಏಜೆನ್ಸಿ ಅರವತ್ತು ಪುಟದ ಇಂಗ್ಲಿಷ್ ಕೈಪಿಡಿ ಕಳಿಸಿತು. ಹವ್ಯಾಸಕ್ಕಾಗಿ ಸಮುದ್ರದಲ್ಲಿ ಗಾಳ ಹಾಕುವವರಿಗೆ ಬರೆದದ್ದು. ಉಷ್ಣವಲಯದ ಕರಾವಳಿಯಲ್ಲಿ ಯಾವ ಮೀನು ಸಿಗುತ್ತದೆ, ಯಾವುದಕ್ಕೆ ಎಂಥ ರಾಡ್, ಎಷ್ಟು ದಪ್ಪದ ದಾರ, ಯಾವ ಕೊಕ್ಕೆ ಎಂಬುದೆಲ್ಲ ಅದರಲ್ಲಿತ್ತು. ಮಂಗಳೂರು, ಉಡುಪಿ, ಕಾರವಾರದ ಕಡೆ ಬಂಡೆಯ ಮೇಲೋ ಅಳಿವೆಬಾಯಲ್ಲೋ ನಿಂತು ದುಬಾರಿ ರಾಡ್ ಬೀಸುವ ಹುಡುಗರಿದ್ದಾರಲ್ಲ, ಅವರಿಗೆ ಕನ್ನಡದಲ್ಲಿ ಬೇಕಿತ್ತು. ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಹತ್ತಿರ. ಮನೆಯವರ ಕೆಲಸದಿಂದಾಗಿ ಈಗ ಇರುವುದು ಅಚ್ಯುತಾಪುರಂನಲ್ಲಿ. ವಿಶಾಖಪಟ್ಟಣದಿಂದ ದಕ್ಷಿಣಕ್ಕೆ, ಕಾರ್ಖಾನೆಗಳ ವಿಶೇಷ ಆರ್ಥಿಕ ವಲಯವಿರುವ ಊರು. ಇಲ್ಲಿಂದ ಸ್ವಲ್ಪ ದೂರದಲ್ಲೇ ಪೂಡಿಮಡಕ, ದೊಡ್ಡ ಮೀನುಗಾರರ ಹಳ್ಳಿ. ಪಶ್ಚಿಮದ ಸಮುದ್ರ ನೋಡಿ ಬೆಳೆದ ನನಗೆ ಸೂರ್ಯ ನೀರಿನಿಂದ ಮೇಲೇಳುವ ಈ ಸಮುದ್ರ ಇನ್ನೂ ತಿರುವುಮುರುವಾಗಿಯೇ ಕಾಣುತ್ತದೆ.

ಮೀನಿನ ಹೆಸರುಗಳು ಕಷ್ಟ ಕೊಡಲಿಲ್ಲ. ನಮ್ಮ ಅಂಜಲ್ ಇಲ್ಲಿ ಕೋನೆಂ, ಇನ್ನೂ ಕೆಲವರಿಗೆ ವಂಜರಂ. ನಮ್ಮ ಮಾಂಜಿ ಇಲ್ಲಿ ಚಂದುವ. ಇಂಗ್ಲಿಷಿನವರು ಬ್ಯಾರಮಂಡಿ ಎನ್ನುವುದು ಪಂಡುಗಪ್ಪ. ಭಾಷಾಶಾಸ್ತ್ರ ಓದಿದವರಿಗೆ ಕಡಲತೀರ ಒಂದು ಪುಕ್ಕಟೆ ಪ್ರಯೋಗಶಾಲೆ. ಕನ್ನಡದ ಬಲೆ ತೆಲುಗಿನಲ್ಲಿ ವಲ. ಬೇರು ವೇರು ಆದ ಹಾಗೆ, ಹಳೆಯ ವಕಾರ ನಮ್ಮಲ್ಲಿ ಬಕಾರವಾಗಿದೆ, ಅವರಲ್ಲಿ ಹಾಗೆಯೇ ಉಳಿದಿದೆ. ಗಾಳ ಅವರಿಗೆ ಗಾಲಂ. ನಮ್ಮ ಕೊಂಬು ಅವರ ಕೊಮ್ಮು.

ಈ ಕರಾವಳಿಯ ಮೀನಿನ ಹೆಸರುಗಳಿಗೆ ಇನ್ನೊಂದು ಭಾಗ್ಯವೂ ಇದೆ. ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟಿಷ್ ವೈದ್ಯ 1780ರ ದಶಕದಲ್ಲಿ ವಿಶಾಖಪಟ್ಟಣದಲ್ಲಿದ್ದ. ನಮ್ಮ ಕೊಳಕುಮಂಡಲ ಹಾವಿಗೆ ಇಂಗ್ಲಿಷಿನಲ್ಲಿ ಯಾರ ಹೆಸರಿದೆಯೋ ಅದೇ ರಸೆಲ್. ಇಲ್ಲಿ ಸಂಗ್ರಹಿಸಿದ ಇನ್ನೂರು ಮೀನುಗಳ ಚಿತ್ರ ಮತ್ತು ವಿವರಣೆಯ ಪುಸ್ತಕವನ್ನು ಅವನು 1803ರಲ್ಲಿ ಪ್ರಕಟಿಸಿದ. ಬೆಸ್ತರು ಹೇಳಿದ ಹೆಸರುಗಳನ್ನು ಕೇಳಿದ ಹಾಗೆ ಬರೆದುಕೊಂಡಿದ್ದ. ಫ್ರಾನ್ಸಿನ ಕುವ್ಯೆ ಆ ಪುಸ್ತಕದಿಂದ ಕೆಲವು ಹೆಸರುಗಳನ್ನು ಎತ್ತಿ ಲ್ಯಾಟಿನ್ನಿಗೆ ಸೇರಿಸಿದ. ಹಾಗಾಗಿ ನೀವು ಉಡುಪಿಯ ಹೋಟೆಲಿನಲ್ಲಿ ತಿನ್ನುವ ಬಂಗುಡೆ ವಿಜ್ಞಾನದ ಪುಸ್ತಕದಲ್ಲಿ ರಾಸ್ಟ್ರೆಲಿಗರ್ ಕಾನಗುರ್ತ. ರಾಡ್ ಹಿಡಿದವರು ಬೆನ್ನಟ್ಟುವ ಒಂದು ಬ್ಯಾರಾಕುಡ ಸ್ಫೈರೀನ ಜೆಲ್ಲೊ. ಎರಡೂ ಹೆಸರಿನ ಬಾಲ ಇದೇ ತೀರದ ಬಾಯಿಮಾತು.

ಮಾರ್ಲಿನ್ ಬಂದಾಗ ಮಾತ್ರ ಸ್ವಲ್ಪ ಯೋಚಿಸಬೇಕಾಯಿತು. ಮೇಲ್ದವಡೆ ಈಟಿಯಂತೆ ಮುಂದೆ ಚಾಚಿರುವ ದೊಡ್ಡ ಮೀನು. ಪೂಡಿಮಡಕದಲ್ಲಿ ಅದು ಕೊಮ್ಮು ಕೋನೆಂ, ಅಂದರೆ ಕೊಂಬಿನ ಅಂಜಲ್. ಸೇಲ್‌ಫಿಶ್‌ಗೂ ಇದೇ ಹೆಸರು. ಕೈಪಿಡಿಗೆ ಇದು ಸಾಲದು. ಕಪ್ಪು ಮಾರ್ಲಿನ್ ಬೇರೆ, ನೀಲಿ ಮಾರ್ಲಿನ್ ಬೇರೆ, ಸೇಲ್‌ಫಿಶ್ ಬೇರೆ. ಬೆಳೆದ ಕಪ್ಪು ಮಾರ್ಲಿನ್‌ನ ಎದೆಯ ರೆಕ್ಕೆ ಗಟ್ಟಿಯಾಗಿರುತ್ತದೆ, ಮೈಗೆ ಮಡಚಲು ಬರುವುದಿಲ್ಲ, ಅದೇ ಗುರುತು ಎಂದು ಅರ್ಧ ಪುಟ ಬರೆದಿದ್ದಾರೆ. ದಾಖಲೆಗಳು ಜಾತಿವಾರು ಇರುವಾಗ ಜಾತಿ ಗುರುತಿಸಲೇಬೇಕು. ದೋಣಿಯಲ್ಲಿ ಕೂತವನಿಗೆ ಮೊದಲು ಬೇಕಾದದ್ದು ಬೇರೆ: ಇದಕ್ಕೆ ಕೊಂಬಿದೆಯೋ ಇಲ್ಲವೋ. ಅವನ ಹೆಸರು ಅದನ್ನೇ ಹೇಳುತ್ತದೆ.

ಆಮೇಲೆ ಡ್ರ್ಯಾಗ್ ಬಂತು.

ರೀಲ್ ನೋಡಿರದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ದಾರ ಸುತ್ತಿರುವ ಉರುಳೆಯ ಒಳಗೆ ಅಥವಾ ಪಕ್ಕದಲ್ಲಿ ತೆಳ್ಳಗಿನ ಬಿಲ್ಲೆಗಳು ಒಂದರ ಮೇಲೊಂದು ಕೂತಿರುತ್ತವೆ. ಲೋಹದ್ದೊಂದು, ಕಾರ್ಬನ್ ನಾರಿನದೊಂದು. ಒಂದು ತಿರುಪು ಅಥವಾ ಸನ್ನೆ ಅವನ್ನು ಒತ್ತಿ ಹಿಡಿಯುತ್ತದೆ. ಮೀನು ಎಳೆಯುವ ಬಲ ಈ ಒತ್ತಡವನ್ನು ಮೀರಿದ ಕ್ಷಣ ಬಿಲ್ಲೆಗಳು ಜಾರುತ್ತವೆ, ಉರುಳೆ ತಿರುಗುತ್ತದೆ, ದಾರ ಹೊರಗೆ ಹೋಗುತ್ತದೆ. ಬಲ ಕಡಿಮೆಯಾದರೆ ಜಾರುವುದು ನಿಲ್ಲುತ್ತದೆ, ಆಗ ನೀವು ಸುತ್ತಿಕೊಳ್ಳಬಹುದು. ಸಾಮಾನ್ಯ ನಿಯಮವೆಂದರೆ, ದಾರ ತಡೆಯಬಲ್ಲ ತೂಕದ ಕಾಲು ಭಾಗದಿಂದ ಮೂರರಲ್ಲೊಂದು ಭಾಗಕ್ಕೆ ಡ್ರ್ಯಾಗ್ ಬಿಗಿ ಮಾಡಬೇಕು. 36 ಕಿಲೊ ತಡೆಯುವ ದಾರವಾದರೆ 9ರಿಂದ 12 ಕಿಲೊ. ಇದರಲ್ಲೂ ಒಂದು ಸೂಕ್ಷ್ಮವಿದೆ. ದಾರ ಹೊರಗೆ ಹೋದಂತೆ ಉರುಳೆಯ ಮೇಲಿನ ಸುತ್ತು ಸಣ್ಣದಾಗುತ್ತದೆ. ವ್ಯಾಸ ಅರ್ಧಕ್ಕಿಳಿದರೆ, ತಿರುಪು ಮುಟ್ಟದೆಯೇ ಎಳೆತ ಎರಡರಷ್ಟಾಗುತ್ತದೆ. ಆದ್ದರಿಂದ ಮೀನು ದೂರ ಓಡಿದಾಗ ಬಿಗಿ ಮಾಡಬೇಡಿ, ಸಡಿಲಿಸಿ ಎನ್ನುತ್ತದೆ ಕೈಪಿಡಿ. ಹೆದರಿದ ಕೈ ಮಾಡುವುದು ಇದಕ್ಕೆ ತದ್ವಿರುದ್ಧ.

ನನಗೆ ಬೆರಗಾದದ್ದು ಆ ಲೆಕ್ಕ ಕಂಡು. ನೂರು ಕಿಲೊದ ಮೀನನ್ನು ಹತ್ತು ಕಿಲೊದ ಎಳೆತ ಸುಸ್ತು ಮಾಡುತ್ತದೆ. ಗೆಲ್ಲುವುದು ಎಳೆಯುವುದರಿಂದಲ್ಲ, ಬಿಡುವುದರಿಂದ. ಇದನ್ನು ಬ್ರೇಕ್ ಎಂದರೆ ನಿಲ್ಲಿಸುವುದು ಎಂದಾಗುತ್ತದೆ. ತಡೆ ಎಂದರೂ ಅಷ್ಟೇ. ಎಳೆತ ಎಂದರೆ ಮೀನಿನದೋ ಮನುಷ್ಯನದೋ ತಿಳಿಯುವುದಿಲ್ಲ. ಇಂಗ್ಲಿಷಿನ ಆ ಪದದಲ್ಲಿ ಇಬ್ಬರೂ ಇದ್ದಾರೆ. ರೀಲಿನ ಭಾಗಕ್ಕೂ ಡ್ರ್ಯಾಗ್, ಒಬ್ಬನನ್ನು ಎಳೆದೊಯ್ಯುವುದಕ್ಕೂ ಡ್ರ್ಯಾಗ್.

ನಾನು ಈ ಪುಟದಲ್ಲಿ ಸಿಕ್ಕಿಕೊಂಡಿದ್ದದ್ದು 2025ರ ಜುಲೈ ಮೊದಲ ವಾರ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಅದು ಮುಗಿದು ಹದಿನೈದು ದಿನ ಕಳೆದಿತ್ತಷ್ಟೇ. ಪೂಡಿಮಡಕದ ಒಂದು ದೋಣಿಯವರ ಗಾಳಕ್ಕೆ ದೊಡ್ಡ ಕೊಮ್ಮು ಕೋನೆಂ ಬಿತ್ತು. ನೂರು ಕಿಲೊ ಆಸುಪಾಸು ಎಂದು ಪತ್ರಿಕೆಗಳು ಬರೆದವು. ಅದನ್ನು ಎಳೆದುಕೊಳ್ಳುವಾಗ ಹಗ್ಗದ ಜೊತೆ ಒಬ್ಬ ಯುವಕ ಸಮುದ್ರಕ್ಕೆ ಬಿದ್ದ. ಮೀನು ಅವನನ್ನು ಎಳೆದುಕೊಂಡು ಹೋಯಿತು. ಜೊತೆಗಿದ್ದವರು ಹುಡುಕಿದರು, ಸಿಗಲಿಲ್ಲ.

ಆ ವಾರ ನನ್ನ ಮೇಜಿನ ಮೇಲೆ ಒಂದು ಕಡೆ ಆ ಸುದ್ದಿ, ಇನ್ನೊಂದು ಕಡೆ ಕೈಪಿಡಿಯ ಮಾರ್ಲಿನ್ ಅಧ್ಯಾಯ. ಅಧ್ಯಾಯದಲ್ಲಿ ಸೊಂಟಕ್ಕೆ ಕಟ್ಟುವ ಪಟ್ಟಿ, ಕೂರಲು ತಿರುಗುವ ಕುರ್ಚಿ, ಕೈಗವಸು ಎಲ್ಲ ಇದ್ದವು. ಪೂಡಿಮಡಕದ ತೀರದಲ್ಲಿ ನಾನು ನೋಡಿದ ಗಾಳದ ಸಾಮಾನು ಎಂದರೆ ಒಂದು ಮರದ ತುಂಡಿಗೆ ಸುತ್ತಿದ ದಪ್ಪ ನೈಲಾನ್ ದಾರ, ದೊಡ್ಡ ಕೊಕ್ಕೆ, ಬೆರಳಿಗೆ ಹಾಕಿಕೊಳ್ಳಲು ಸೈಕಲ್ ಟ್ಯೂಬಿನ ತುಂಡುಗಳು. ಅಲ್ಲಿ ಡ್ರ್ಯಾಗ್ ಎಂದರೆ ಅಂಗೈ. ಬಿಲ್ಲೆಗಳು ಬಿಸಿಯಾಗುವ ಬದಲು ಚರ್ಮ ಬಿಸಿಯಾಗುತ್ತದೆ.

ಆಟದ ನಿಯಮಗಳನ್ನೂ ನಾನೇ ಕನ್ನಡಕ್ಕೆ ತಂದೆ. ಇಂಟರ್‌ನ್ಯಾಷನಲ್ ಗೇಮ್ ಫಿಶ್ ಅಸೋಸಿಯೇಷನ್ ಎಂಬ ಸಂಸ್ಥೆ 1939ರಿಂದ ಗಾಳದ ಆಟದ ದಾಖಲೆ ಮತ್ತು ನಿಯಮಗಳನ್ನು ನೋಡಿಕೊಳ್ಳುತ್ತಿದೆ. ಅದರ ಪಟ್ಟಿಯ ಕಪ್ಪು ಮಾರ್ಲಿನ್ ದಾಖಲೆ 1953ರ ಆಗಸ್ಟ್ 4ರದು. ಪೆರುವಿನ ಕಾಬೊ ಬ್ಲಾಂಕೊದಲ್ಲಿ ಆಲ್ಫ್ರೆಡ್ ಗ್ಲಾಸೆಲ್ ಹಿಡಿದದ್ದು, 707 ಕಿಲೊ. ಆ ನಿಯಮಗಳಲ್ಲಿ ಒಂದು ಹೀಗಿದೆ: ಮೀನಿನೊಂದಿಗೆ ಸೆಣಸುವಾಗ ಬೇರೆ ಯಾರಾದರೂ ರಾಡ್, ರೀಲ್ ಅಥವಾ ದಾರ ಮುಟ್ಟಿದರೆ ಆ ಮೀನು ದಾಖಲೆಗೆ ಸೇರುವುದಿಲ್ಲ. ಆಟದಲ್ಲಿ ಇನ್ನೊಬ್ಬನ ಕೈ ತಾಗುವುದು ಅನರ್ಹತೆ. ಸಣ್ಣ ದೋಣಿಯಲ್ಲಿ ಇನ್ನೊಬ್ಬನ ಕೈ ಸಮಯಕ್ಕೆ ತಾಗದಿದ್ದರೆ ಏನಾಗುತ್ತದೆ ಎಂದು ಈ ಊರಿಗೆ ಗೊತ್ತು.

ಇಷ್ಟು ಓದಿ, ಹವ್ಯಾಸಿಗಳ ಮೇಲೆ ಕೋಪ ಮಾಡಿಕೊಳ್ಳಬೇಕು ಎಂದು ಯಾರಾದರೂ ಅಂದುಕೊಂಡರೆ ನಾನು ಒಪ್ಪುವುದಿಲ್ಲ. ಆ ಕೈಪಿಡಿಯಲ್ಲಿ ನನಗೆ ಇಷ್ಟವಾದ ಪುಟಗಳು ಬಹಳ ಇದ್ದವು. ವೃತ್ತಾಕಾರದ ಕೊಕ್ಕೆ ಬಳಸಿ, ಅದು ಹೊಟ್ಟೆಗಿಳಿಯದೆ ದವಡೆಯ ಮೂಲೆಯಲ್ಲಿ ಕಚ್ಚುತ್ತದೆ, ಬಿಟ್ಟ ಮೇಲೆ ಮೀನು ಬದುಕುತ್ತದೆ ಎಂದು ವಿವರಿಸಿದ್ದರು. ಪಂಡುಗಪ್ಪ ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷಗಳ ನಂತರ ಹೆಣ್ಣಾಗುವ ಮೀನು. ದೊಡ್ಡದನ್ನು ಹಿಡಿದರೆ ಅದು ಬಹುಪಾಲು ಮೊಟ್ಟೆಯಿಡುವ ತಾಯಿ, ಆದ್ದರಿಂದ ದೊಡ್ಡದನ್ನೇ ಬಿಡಿ ಎಂದು ಬರೆದಿದ್ದರು. ಮಾರ್ಲಿನ್‌ನಲ್ಲೂ ಭಾರೀ ಗಾತ್ರದವೆಲ್ಲ ಹೆಣ್ಣೇ. ಇದು ವಿವೇಕದ ಮಾತು. ನಮ್ಮ ಕಡೆಯ ಹುಡುಗರೂ ಇದನ್ನು ಓದಲಿ ಎಂದೇ ಕಷ್ಟಪಟ್ಟು ಅನುವಾದಿಸಿದೆ.

ನಾನು ಹೇಳುವುದು ಇಷ್ಟೇ. ಬಿಡುವುದಕ್ಕೆ ಒಂದು ಬೆಲೆ ಇದೆ, ಮತ್ತು ಅದನ್ನು ಯಾರೋ ತೆರಬೇಕು. ಹವ್ಯಾಸಿಯ ವಿಷಯದಲ್ಲಿ ಆ ಬೆಲೆಯನ್ನು ರೀಲು ಕೊಳ್ಳುವಾಗಲೇ ಕೊಟ್ಟಾಗಿದೆ. ದಾರ ತುಂಡಾದರೆ ಅವನಿಗೆ ಹೇಳಿಕೊಳ್ಳಲು ಒಂದು ಕತೆ ಸಿಗುತ್ತದೆ. ಎರಡು ತಿಂಗಳ ನಿಷೇಧ ಕಳೆದು ಡೀಸೆಲ್ಲಿನ ಸಾಲದಲ್ಲಿ ಹೊರಟವನ ಕೈಯಲ್ಲಿ ನೂರು ಕಿಲೊದ ಮೀನು ಜಗ್ಗುತ್ತಿರುವಾಗ, ಬಿಡು ಎನ್ನುವುದು ಅವನ ಸ್ನಾಯುಗಳಿಗೆ ಕೊಡುವ ಸಲಹೆಯಲ್ಲ, ಅವನ ಮನೆಯ ಲೆಕ್ಕಪುಸ್ತಕಕ್ಕೆ ಕೊಡುವ ಸಲಹೆ. ಪೂಡಿಮಡಕದಲ್ಲಿ ಹಿರಿಯರೊಬ್ಬರನ್ನು ಕೇಳಿದಾಗ ಅವರು ಹೇಳಿದ್ದೂ ಇದನ್ನೇ. ಹಗ್ಗ ಬಿಡಬೇಕು ಎಂದು ಗೊತ್ತಿಲ್ಲದವರು ಯಾರೂ ಇಲ್ಲ, ಯಾವಾಗ ಎನ್ನುವುದಷ್ಟೇ ಕಷ್ಟ ಎಂದರು.

ಬೆಲೆಯನ್ನು ಬೇರೆಯವರು ಹೊತ್ತಾಗ ಏನಾಗುತ್ತದೆ ಎಂಬುದಕ್ಕೂ ಇಲ್ಲೇ ಉದಾಹರಣೆ ಇದೆ. 2021ರ ಡಿಸೆಂಬರಿನಲ್ಲಿ ನಮಗೆ ಹತ್ತಿರದ ತಂತಡಿ ಕಡಲತೀರಕ್ಕೆ ಭಾರೀ ತಿಮಿಂಗಿಲ ಶಾರ್ಕ್ ಒಂದು ಬಂದು ಸಿಕ್ಕಿಕೊಂಡಿತು. ಮೀನುಗಾರರು, ಅರಣ್ಯ ಇಲಾಖೆಯವರು ಮತ್ತು ವನ್ಯಜೀವಿ ಕಾರ್ಯಕರ್ತರು ಸೇರಿ ಅದನ್ನು ಮತ್ತೆ ಆಳಕ್ಕೆ ಕಳಿಸಿದರು. ಇಂಥ ಮೀನು ಬಲೆಗೆ ಬಿದ್ದಾಗ ಬಿಟ್ಟರೆ, ಹಾಳಾದ ಬಲೆಗೆ ಪರಿಹಾರ ಕೊಡುತ್ತೇವೆ ಎಂದು ಇಲಾಖೆ ಹೇಳಿತು. 2001ರಿಂದ ಈ ಮೀನಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಗುಜರಾತಿನಲ್ಲಿ 2004ರಲ್ಲಿ ಆರಂಭವಾದ ಅಭಿಯಾನದಲ್ಲೂ ಇದೇ ಸೂತ್ರ: ಬಲೆ ಕತ್ತರಿಸಿ ಮೀನು ಬಿಟ್ಟವರಿಗೆ ಬಲೆಯ ದುಡ್ಡು. ಹಿಂದೆ ಅದನ್ನು ಬೇಟೆಯಾಡುತ್ತಿದ್ದ ತೀರದವರೇ ನೂರಾರು ಶಾರ್ಕ್‌ಗಳನ್ನು ಬಿಟ್ಟಿದ್ದಾರೆ. ಮೀನು ಉಳಿಯಲಿ ಎಂದು ಈ ದುಡ್ಡು ಕೊಡಲು ನಾವು ಕಲಿತಿದ್ದೇವೆ. ಹಿಡಿಯುವವನು ಉಳಿಯಲಿ ಎಂದು ತುಂಡಾದ ಗಾಳಕ್ಕೆ ದುಡ್ಡು ಕೊಡಬಹುದಲ್ಲವೇ?

ದುಬಾರಿ ರೀಲೇ ಬೇಕೆಂದೂ ಇಲ್ಲ. ಕೆರಿಬಿಯನ್ ದ್ವೀಪಗಳಲ್ಲಿ ಸಣ್ಣ ದೋಣಿಯವರು ಮಾರ್ಲಿನ್ ಗಾಳದ ತುದಿಯನ್ನು ಕೈಯಲ್ಲಿ ಹಿಡಿಯುವುದಿಲ್ಲ. ಗಾಳಿ ತುಂಬಿದ ಪ್ಲಾಸ್ಟಿಕ್ ಡಬ್ಬಕ್ಕೆ ಕಟ್ಟಿ ನೀರಿಗೆ ಬಿಡುತ್ತಾರೆ. ಮೀನು ಓಡಿದರೆ ಡಬ್ಬ ಹಿಂದೆ ಓಡುತ್ತದೆ. ಮುಳುಗಿದರೆ ಡಬ್ಬ ಮೇಲಕ್ಕೆ ಜಗ್ಗುತ್ತದೆ. ದಣಿದ ಮೇಲೆ ಹೋಗಿ ಎತ್ತಿಕೊಳ್ಳುತ್ತಾರೆ. ಬಿಲ್ಲೆ, ತಿರುಪು, ಕಾರ್ಬನ್ ಯಾವುದೂ ಇಲ್ಲದ ಡ್ರ್ಯಾಗ್ ಅದು. ಹತ್ತು ಲೀಟರಿನ ಖಾಲಿ ಎಣ್ಣೆಡಬ್ಬ ನಮ್ಮ ಎರಡೂ ಕರಾವಳಿಯ ಪ್ರತಿ ಮನೆಯ ಹಿತ್ತಲಿನಲ್ಲಿ ಬಿದ್ದಿರುತ್ತದೆ.

ಕೊನೆಗೆ ಡ್ರ್ಯಾಗ್‌ಗೆ ನಾನು ಬರೆದದ್ದು ‘ಬಿಟ್ಟುಹಿಡಿ’ ಎಂದು. ಗಾಳಿಪಟದ ದಾರ, ಪುಂಡು ಕರುವಿನ ಹಗ್ಗ, ಬಾವಿಯ ಕೊಡ, ಎಲ್ಲದಕ್ಕೂ ನಮ್ಮ ಕಡೆ ಹಿರಿಯರು ಬಿಟ್ಟು ಹಿಡಿ ಎಂದೇ ಹೇಳುತ್ತಾರೆ. ಎರಡು ಕ್ರಿಯೆ, ಒಂದೇ ಉಸಿರು, ಮೊದಲು ಬರುವುದು ಬಿಡುವುದು. ಏಜೆನ್ಸಿಯವರು ಪದ ಚೆನ್ನಾಗಿದೆ ಎಂದರು, ಆದರೆ ಅಂಗಡಿಯಲ್ಲಿ ಕೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ ಎಂದು ಎಲ್ಲ ಕಡೆ ಡ್ರ್ಯಾಗ್ ಎಂದೇ ತಿದ್ದಿದರು. ಅದೂ ಸರಿಯೇ. ಹುಡುಗರು ರೀಲು ಕೊಳ್ಳುವುದು ಅಂಗಡಿಯಲ್ಲಿ, ನಿಘಂಟಿನಲ್ಲಲ್ಲ.

ಒಂದು ವಿಷಯಕ್ಕೆ ಮಾತ್ರ ನಾನು ಹಟ ಹಿಡಿದೆ. ಮೂಲದಲ್ಲಿ ನಲವತ್ತೊಂದನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಎಚ್ಚರಿಕೆ ಇತ್ತು. ಅದನ್ನು ಕನ್ನಡದಲ್ಲಿ ಮೊದಲ ಪುಟಕ್ಕೆ ತರಬೇಕು ಎಂದು ಮೂರು ಸಲ ಪತ್ರ ಬರೆದೆ. ಮೂರನೆಯ ಸಲ ಒಪ್ಪಿದರು. ಈಗ ಆ ಕೈಪಿಡಿ ತೆರೆದರೆ ಮೀನಿನ ಹೆಸರಿಗಿಂತ, ರಾಡಿನ ಚಿತ್ರಕ್ಕಿಂತ ಮೊದಲು ಕಾಣುವುದು ಈ ಎರಡು ವಾಕ್ಯ: ‘ದಾರವನ್ನು ಎಂದೂ ಕೈಗೆ ಸುತ್ತಿಕೊಳ್ಳಬೇಡಿ. ಕತ್ತರಿಸಲು ಚಾಕು ಕೈಗೆಟಕುವಲ್ಲಿ ಇರಲಿ.’