ಮೂರು ವರ್ಷದ ಜಗದೋದ್ಧಾರ

ಜಗತ್ತನ್ನು ಉದ್ಧಾರ ಮಾಡುವುದಕ್ಕೂ ಒಂದು ಕೊನೆಯ ದಿನಾಂಕ ಇರುತ್ತದೆ. ಯುರೋಪಿನವರ ಹಣವಾದರೆ ಅದು ಬ್ರಸೆಲ್ಸ್ ಗಡಿಯಾರದ ಸಂಜೆ ಐದು ಗಂಟೆ. ನಮ್ಮಲ್ಲಿ ಚಳಿಗಾಲವಾದರೆ ರಾತ್ರಿ ಒಂಬತ್ತೂವರೆ, ಬೇಸಿಗೆಯಾದರೆ ಎಂಟೂವರೆ. ಆ ಹೊತ್ತಿನಲ್ಲಿ ಯಾವುದಾದರೂ ಪ್ರಯೋಗಾಲಯದಲ್ಲಿ ದೀಪ ಉರಿಯುತ್ತಿದ್ದರೆ ಒಳಗೆ ಸಂಶೋಧನೆ ನಡೆದಿದೆ ಎಂದುಕೊಳ್ಳಬೇಡಿ. ಪ್ರೊಫೆಸರರು ಬಜೆಟ್ ಟೇಬಲ್ಲಿನಲ್ಲಿ ತಾಳೆಯಾಗದ ಹನ್ನೆರಡು ಯೂರೋ ಹುಡುಕುತ್ತಿರುತ್ತಾರೆ. ಪಿಎಚ್‌ಡಿ ಹುಡುಗಿ ಪಿಡಿಎಫ್ ಅನ್ನು ಹಿಂಡಿ ಹಿಂಡಿ ಹತ್ತು ಎಂಬಿಗೆ ಇಳಿಸುತ್ತಿರುತ್ತಾಳೆ. ರಿಜಿಸ್ಟ್ರಾರರ ಸಹಿ ಬೇಕು. ಅವರು ಯಾರದೋ ಆರತಕ್ಷತೆಯಲ್ಲಿ ಸಾಲಿನಲ್ಲಿ ನಿಂತಿದ್ದಾರೆ. ಹಿಂದೆಲ್ಲ ಜಗದೋದ್ಧಾರಕ್ಕೆ ಒಂದು ಅವತಾರವೇ ಆಗಬೇಕಿತ್ತು. ಈಗ ಮೂರು ವರ್ಷದ ಪ್ರಾಜೆಕ್ಟು ಸಾಕು.

ಅರ್ಜಿಯಲ್ಲಿ ಎರಡು ಮಾತು ಇರಲೇಬೇಕು. ಸಮಸ್ಯೆ ‘ಜಾಗತಿಕ’ವಾಗಿರಬೇಕು, ಪರಿಹಾರ ‘ಡಿಸ್ರಪ್ಟಿವ್’ ಆಗಿರಬೇಕು, ಎಂದರೆ ಇದ್ದದ್ದನ್ನೆಲ್ಲ ಬುಡಮೇಲು ಮಾಡುವಂಥದ್ದು. ಇದ್ದದ್ದನ್ನು ಸ್ವಲ್ಪ ರಿಪೇರಿ ಮಾಡುತ್ತೇನೆ ಎಂದು ಬರೆದವರಿಗೆ ಕಾಸು ಕೊಟ್ಟ ಉದಾಹರಣೆ ಬಹಳ ಕಡಿಮೆ. ಈ ಶೈಲಿಗೆ ಈಚಿನ ದೊಡ್ಡ ಯಜಮಾನರೆಂದರೆ ಗೇಟ್ಸ್ ಫೌಂಡೇಶನ್ನಿನವರು. 2003ರಲ್ಲಿ 20 ಕೋಟಿ ಡಾಲರ್ ಎತ್ತಿಟ್ಟು ‘ಗ್ರ್ಯಾಂಡ್ ಚಾಲೆಂಜಸ್’ ಶುರುಮಾಡಿದರು. ಅದಕ್ಕೆ ಸ್ಫೂರ್ತಿ, 1900ರಲ್ಲಿ ಪ್ಯಾರಿಸ್ಸಿನಲ್ಲಿ ಗಣಿತಜ್ಞ ಹಿಲ್ಬರ್ಟ್ ಇಪ್ಪತ್ತನೆಯ ಶತಮಾನಕ್ಕೆಂದು ಮುಂದಿಟ್ಟ ಲೆಕ್ಕಗಳ ಪಟ್ಟಿ. ಹಿಲ್ಬರ್ಟ್ ಲೆಕ್ಕ ಕೊಟ್ಟ, ಕಾಸು ಕೊಡಲಿಲ್ಲ. ಆದರೂ ಜನ ನೂರು ವರ್ಷ ಕೂತು ಬಿಡಿಸಿದರು. 2008ರಿಂದ ಗೇಟ್ಸ್ ಮಂದಿ ಇನ್ನೂ ಧಾರಾಳಿಗಳಾದರು. ಎರಡೇ ಪುಟದ ಅರ್ಜಿ, ಮೆಚ್ಚಿದರೆ ಒಂದು ಲಕ್ಷ ಡಾಲರ್. ನಮ್ಮಲ್ಲಿ ಗ್ಯಾಸ್ ಸಂಪರ್ಕಕ್ಕೂ ಅದಕ್ಕಿಂತ ಹೆಚ್ಚು ಕಾಗದ ಹಿಡಿಯುತ್ತದೆ. ಮಾಮೂಲು ಕಾಂಡೋಮ್‌ಗಿಂತ ಹಿತವಾದದ್ದನ್ನು ಕಂಡುಹಿಡಿಯಿರಿ ಎಂದು 2013ರಲ್ಲಿ ಒಂದು ಸುತ್ತು ಅರ್ಜಿ ಕರೆದರು. ನೊಬೆಲ್ ತಂದುಕೊಟ್ಟ ಗ್ರಾಫೀನನ್ನು ಹಿಡಿದುಕೊಂಡು ಮ್ಯಾಂಚೆಸ್ಟರಿನ ವಿಜ್ಞಾನಿಗಳೂ ಸಾಲಿನಲ್ಲಿ ನಿಂತರು, ಹಣವನ್ನೂ ಪಡೆದರು. ಆ ಬಗ್ಗೆ ಹೆಚ್ಚು ಬರೆದರೆ ಸಂಪಾದಕರು ಕತ್ತರಿ ಆಡಿಸುತ್ತಾರೆ, ಮುಂದೆ ಹೋಗೋಣ.

ಕಾಸು ತೋರಿಸಿ ಬುದ್ಧಿಯನ್ನು ಕರೆಯುವ ಈ ಪದ್ಧತಿ ಹೊಸದೇನಲ್ಲ. 1707ರಲ್ಲಿ ಇಂಗ್ಲೆಂಡಿನ ನೌಕಾಪಡೆಯ ನಾಲ್ಕು ಹಡಗು, ತಾವು ಎಲ್ಲಿದ್ದೇವೆಂದು ತಿಳಿಯದೆ ಸಿಲ್ಲಿ ದ್ವೀಪಗಳ ಬಂಡೆಗೆ ಬಡಿದು ಮುಳುಗಿದವು. ಸಮುದ್ರದ ಮೇಲೆ ರೇಖಾಂಶ ಹೇಳಬಲ್ಲವರಿಗೆ 20,000 ಪೌಂಡ್ ಎಂದು 1714ರಲ್ಲಿ ಪಾರ್ಲಿಮೆಂಟು ಸಾರಿತು. ಪರೀಕ್ಷಕರ ಮಂಡಳಿಯಲ್ಲಿ ಖಗೋಳಜ್ಞರದೇ ಜೋರು. ಉತ್ತರ ಆಕಾಶದಿಂದಲೇ ಇಳಿಯಬೇಕೆಂಬ ನಂಬಿಕೆ ಅವರದು. ಇಳಿದದ್ದು ಬಡಗಿಯೊಬ್ಬನ ಅಂಗಡಿಯಿಂದ. ಜಾನ್ ಹ್ಯಾರಿಸನ್ ಎಂಬಾತ ಗಡಿಯಾರ ಮಾಡುತ್ತ ಮಾಡುತ್ತ ಮುದುಕನಾದ. 1761ರಲ್ಲಿ ಜಮೈಕಾಕ್ಕೆ ಹೊರಟ ಅವನ ನಾಲ್ಕನೆಯ ಗಡಿಯಾರ ಆ ಪಯಣದಲ್ಲಿ ತಪ್ಪಿದ್ದು ಐದು ಸೆಕೆಂಡಿನಷ್ಟು. ಮಂಡಳಿ ಏನೆಂದಿತು? ಆಕಸ್ಮಿಕ ಇರಬಹುದು, ಇನ್ನೊಮ್ಮೆ ತೋರಿಸು. ಇನ್ನೊಮ್ಮೆ ತೋರಿಸಿದ. ಬಿಚ್ಚಿ ಒಳಗಿನದೆಲ್ಲ ವಿವರಿಸು. ವಿವರಿಸಿದ. ಗಡಿಯಾರಗಳನ್ನು ನಮಗೆ ಒಪ್ಪಿಸು. ಅಷ್ಟು ಹೊತ್ತಿಗೆ, ಚಂದ್ರನನ್ನು ನೋಡಿ ರೇಖಾಂಶ ಹೇಳುವ ಎದುರು ಪಕ್ಷದ ಮ್ಯಾಸ್ಕೆಲಿನ್ ರಾಜಖಗೋಳಜ್ಞನಾಗಿ ಮಂಡಳಿಯೊಳಗೇ ಬಂದು ಕೂತಿದ್ದ. ಕೊನೆಗೆ ದೊರೆ ಮೂರನೆಯ ಜಾರ್ಜ್ ನಡುವೆ ಬಂದ ಮೇಲೆ, 1773ರಲ್ಲಿ, ಮುದುಕನಿಗೆ ಎಂಬತ್ತರ ವಯಸ್ಸಿನಲ್ಲಿ ಬಾಕಿ ದುಡ್ಡು ಸಿಕ್ಕಿತು. ಯುಟಿಲೈಜೇಶನ್ ಸರ್ಟಿಫಿಕೇಟ್ ಸರಿಯಿಲ್ಲವೆಂದು ಎರಡನೆಯ ಕಂತು ಬಾರದ ನಮ್ಮ ವಿಜ್ಞಾನಿಗಳು ಈತನ ಫೋಟೋವನ್ನು ಗೋಡೆಗೆ ಹಾಕಿಕೊಳ್ಳಬಹುದು.

ಆದರೆ ಹ್ಯಾರಿಸನ್ನಿನ ಕತೆಯಲ್ಲಿ ಒಂದು ಅನುಕೂಲವಿತ್ತು. ಹಡಗಿನ ಮೇಲೆ ಕ್ಯಾಪ್ಟನ್ ಇದ್ದ. ಅವನ ಜೀವ ಗಡಿಯಾರದ ಮೇಲೆ ನಿಂತಿತ್ತು, ದಿನಾ ಕೀಲಿ ಕೊಡದೆ ಬಿಡುತ್ತಿರಲಿಲ್ಲ. ನಮ್ಮ ಕಾಲದ ಯಂತ್ರಗಳಿಗೆ ಕೀಲಿ ಕೊಡುವವರು ಯಾರು ಎಂಬಲ್ಲಿ ವಿಷಯ ಹದಗೆಡುತ್ತದೆ.

ಗೇಟ್ಸ್‌ರ ಪಾಯಖಾನೆಯನ್ನೇ ತೆಗೆದುಕೊಳ್ಳಿ. 2011ರಲ್ಲಿ ಅವರ ಫೌಂಡೇಶನ್ನಿನ ಕರೆ ಬಂತು: ಪಾಯಖಾನೆಯನ್ನು ಹೊಸದಾಗಿ ಕಂಡುಹಿಡಿಯಿರಿ. ಒಳಚರಂಡಿ ಇರಬಾರದು, ನಲ್ಲಿ ಇರಬಾರದು, ಕರೆಂಟಿನ ತಂತಿ ಇರಬಾರದು, ತಲೆಗೆ ದಿನಕ್ಕೆ ಐದು ಸೆಂಟ್ ಮೀರಬಾರದು, ರೋಗಾಣು ಒಂದೂ ಉಳಿಯಬಾರದು. ಎಂಟು ವಿಶ್ವವಿದ್ಯಾಲಯಗಳಿಗೆ ಹಣ ಹೋಯಿತು. ಮರುವರ್ಷ ಆಗಸ್ಟಿನಲ್ಲಿ ಸಿಯಾಟಲಿನಲ್ಲಿ ಜಾತ್ರೆ. ಯಂತ್ರಗಳನ್ನು ಓಡಿಸಿ ತೋರಿಸಬೇಕಲ್ಲ, ಅದಕ್ಕೆಂದು ಸೋಯಾದಿಂದ ಸುಮಾರು 190 ಲೀಟರ್ ನಕಲಿ ಮಲ ತಯಾರಿಸಿದ್ದರು. ಅದನ್ನು ಕಲಸಿದವರು ಮನೆಗೆ ಹೋಗಿ ಇವತ್ತು ಆಫೀಸಿನಲ್ಲಿ ಏನು ಕೆಲಸ ಎಂದು ಕೇಳಿದ ಹೆಂಡತಿಗೆ ಏನು ಹೇಳಿದರೋ. ಕ್ಯಾಲ್‌ಟೆಕ್‌ನವರಿಗೆ ಮೊದಲ ಬಹುಮಾನ, ಒಂದು ಲಕ್ಷ ಡಾಲರ್. ಸೌರಫಲಕದ ಕರೆಂಟಿನಿಂದ ಹೊಲಸು ನೀರನ್ನು ವಿದ್ಯುದ್ರಾಸಾಯನಿಕ ತೊಟ್ಟಿಯಲ್ಲಿ ಒಡೆದು, ಶುದ್ಧವಾದ ನೀರನ್ನೇ ಮತ್ತೆ ಫ್ಲಶ್‌ಗೆ ಬಿಡುವ ಯಂತ್ರ ಅದು. ಕೇಳಿದರೆ ರೋಮಾಂಚನ. 2018ರಲ್ಲಿ ಬೀಜಿಂಗಿನಲ್ಲಿ ಇನ್ನೊಂದು ಜಾತ್ರೆಯಾಯಿತು. ಸೋಯಾ ಸಾಲದೆನಿಸಿತೋ ಏನೋ, ಗೇಟ್ಸ್ ನಿಜವಾದ ಮಲವನ್ನೇ ಗಾಜಿನ ಭರಣಿಯಲ್ಲಿ ತಂದು ಭಾಷಣದ ಮೇಜಿನ ಪಕ್ಕ ಇಟ್ಟರು. ಇದರಲ್ಲಿ ಒಂದು ಲಕ್ಷ ಜಂತುಹುಳುವಿನ ಮೊಟ್ಟೆ ಇರಬಹುದು ಎಂದು ಲೆಕ್ಕ ಹೇಳಿದರು. ಏಳು ವರ್ಷದಲ್ಲಿ 20 ಕೋಟಿ ಡಾಲರ್ ಖರ್ಚಾಗಿತ್ತು.

ಈ ಯಂತ್ರಗಳನ್ನು ಪರೀಕ್ಷೆಗೆ ಭಾರತಕ್ಕೂ ತಂದರು. ಆಗ ಬಯಲಾದ ಸಂಗತಿ ವಿದ್ಯುದ್ರಸಾಯನದ್ದಲ್ಲ. ಕೆಟ್ಟರೆ ನೋಡುವವರು ಯಾರು? ಕ್ಯಾಲಿಫೋರ್ನಿಯಾದ ಎಲೆಕ್ಟ್ರೋಡಿಗೆ ಊರಿನ ಪ್ಲಂಬರ್ ಕೈ ಹಾಕುವುದಿಲ್ಲ, ಹಾಕಿದರೆ ಇನ್ನೂ ಅಪಾಯ. ಅದಕ್ಕೆ ಸಂಶೋಧಕರು, ಯಾವ ಭಾಗ ಕೆಟ್ಟಿದೆಯೆಂದು ಯಂತ್ರವೇ ಮೊಬೈಲಿಗೆ ಮೆಸೇಜು ಕಳಿಸುವ ಸೆನ್ಸರ್ ಜೋಡಿಸಲು ಹೊರಟರು. ರಿಪೇರಿಯ ಸಮಸ್ಯೆಗೆ ರಿಪೇರಿ ಬೇಡುವ ಇನ್ನೊಂದು ವಸ್ತು! ಇದನ್ನು ತಮಾಷೆಗೆ ಹೇಳುತ್ತಿಲ್ಲ. ಮೂರು ವರ್ಷದ ಹಣದಲ್ಲಿ ಸೆನ್ಸರ್ ಕೊಳ್ಳಬಹುದು, ಮೇಸ್ತ್ರಿಗೆ ನಾಲ್ಕನೆಯ ವರ್ಷದ ಸಂಬಳ ಕೊಡಲಾಗದು. ಅದಕ್ಕೆ ಬಜೆಟ್ಟಿನಲ್ಲಿ ಕಾಲಮ್ಮೇ ಇರುವುದಿಲ್ಲ. ‘ಸಸ್ಟೈನಬಿಲಿಟಿ ಪ್ಲಾನ್’ ಎಂದು ಅರ್ಧ ಪುಟ ಇರುತ್ತದೆ, ನಿಜ. ಸ್ಥಳೀಯ ಸಮುದಾಯ ಇದನ್ನು ತನ್ನದಾಗಿಸಿಕೊಳ್ಳುತ್ತದೆ ಎಂಬ ವಾಕ್ಯ ಅಲ್ಲಿ ಕಡ್ಡಾಯ. ಸಮುದಾಯವನ್ನು ಕೇಳಿದವರು ವಿರಳ.

ದಕ್ಷಿಣ ಆಫ್ರಿಕಾದ ‘ಪ್ಲೇಪಂಪ್’ ಗತಿ ಇದಕ್ಕಿಂತ ಕಡೆ. ಮಕ್ಕಳು ಕೂತು ಗಿರಗಿರನೆ ತಿರುಗಿಸುವ ಆಟದ ಚಕ್ರ. ಅದು ತಿರುಗಿದಂತೆ ನೆಲದಡಿಯ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ, ಟ್ಯಾಂಕಿನ ಮೈಯಲ್ಲಿ ಜಾಹೀರಾತು. 2006ರಲ್ಲಿ ಅಮೆರಿಕದ ಸರ್ಕಾರ ಮತ್ತು ಕೇಸ್ ಫೌಂಡೇಶನ್ ಸೇರಿ 1.64 ಕೋಟಿ ಡಾಲರ್ ಘೋಷಿಸಿದವು. ಮಕ್ಕಳ ನಗು, ಹಳ್ಳಿಗೆ ನೀರು. ಫೋಟೋಗೆ ಇದಕ್ಕಿಂತ ಇನ್ನೇನು ಬೇಕು? ಹೇಳಿದಷ್ಟು ಜನಕ್ಕೆ ನೀರು ಸಿಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಎಂದು ಲಂಡನ್ನಿನ ಗಾರ್ಡಿಯನ್ ಪತ್ರಿಕೆ ಲೆಕ್ಕ ಹಾಕಿ ತೋರಿಸಿತು. ಕ್ಯಾಮೆರಾ ಹೋಯಿತು, ಮಕ್ಕಳೂ ಹೋದರು. ಚಕ್ರವನ್ನು ಬಗ್ಗಿ ಬಗ್ಗಿ ತಿರುಗಿಸುವ ಪಾಳಿ ಹೆಂಗಸರಿಗೆ ಬಂತು. ಹೀಗಾಯಿತೆಂದು ಕೇಸ್ ಫೌಂಡೇಶನ್ ತಾನೇ 2010ರಲ್ಲಿ ಒಪ್ಪಿಕೊಂಡದ್ದು ದೊಡ್ಡತನ. ಇಂಥದ್ದನ್ನು ಒಪ್ಪಿಕೊಳ್ಳುವ ದಾನಿಗಳು ಅಪರೂಪ.

ಇದನ್ನು ಓದಿದಾಗೆಲ್ಲ ನನಗೆ ನಮ್ಮ ಬೋರಿಂಗು ನೆನಪಾಗುತ್ತದೆ. ಊರ ಶಾಲೆಯ ಮುಂದೆ, ದೇವಸ್ಥಾನದ ಹಿಂದೆ, ಸಿಮೆಂಟು ಕಟ್ಟೆಯ ಮೇಲೆ ನಿಂತ ಆ ಕೈಪಂಪಿಗೆ ‘ಇಂಡಿಯಾ ಮಾರ್ಕ್ 2’ ಎಂಬ ಘನವಾದ ಹೆಸರಿದೆಯೆಂದು ಕೊಡ ಹಿಡಿದು ನಿಂತವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅರವತ್ತರ ದಶಕದ ಬರಗಾಲದಲ್ಲಿ ಯುನಿಸೆಫ್ ಕೊಳವೆಬಾವಿ ಕೊರೆಯಲು ಯಂತ್ರ ತಂದುಕೊಟ್ಟಿತು. ಮೇಲೆ ಕೂರಿಸಿದ ಎರಕದ ಕಬ್ಬಿಣದ ಪಂಪುಗಳು ಪರದೇಶದ ಒಂದು ಮನೆಯ ಬಳಕೆಗೆ ಮಾಡಿದ ಮಾದರಿಯವು. ಇಲ್ಲಿ ಇಡೀ ಊರು ನಸುಕಿನಿಂದ ರಾತ್ರಿಯವರೆಗೆ ಜಗ್ಗಿದರೆ ಎಷ್ಟು ದಿನ ತಾಳಿಯಾವು? ಬಹುಪಾಲು ಕೆಟ್ಟು ನಿಂತವು. ಆಗ ಯಾರೂ ಸಿಯಾಟಲಿನಂಥ ಜಾತ್ರೆ ಏರ್ಪಡಿಸಲಿಲ್ಲ. ಮಹಾರಾಷ್ಟ್ರದ ಜಾಲ್ನಾದಲ್ಲಿ, ಸೊಲ್ಲಾಪುರದಲ್ಲಿ ಮಿಷನರಿಗಳು, ಕಮ್ಮಾರರು ಕೂಡಿ ಉಕ್ಕಿನಲ್ಲಿ ಬೆಸೆದುಕೊಂಡಿದ್ದ ಪಂಪು ಗಟ್ಟಿಯಾಗಿತ್ತು. ಅದನ್ನೇ ಹಿಡಿದು ಎಪ್ಪತ್ತರ ದಶಕದಲ್ಲಿ ಯುನಿಸೆಫ್‌ನವರೂ ಮದ್ರಾಸಿನ ಇಂಜಿನಿಯರುಗಳೂ ತಿದ್ದಿದರು. ಪೇಟೆಂಟಿನ ರಗಳೆ ಇಟ್ಟುಕೊಳ್ಳಲಿಲ್ಲ. ಭಾರತದಲ್ಲೂ ಆಫ್ರಿಕಾದಲ್ಲೂ ಲಕ್ಷಗಟ್ಟಲೆ ನಿಂತವು.

ಅದರಲ್ಲೂ ಒಂದು ಕಿರಿಕಿರಿ ಇತ್ತು. ಒಳಗಿನ ವಾಷರ್ ಸವೆದರೆ ನೂರಡಿ ಪೈಪನ್ನು ಪೂರ್ತಿ ಮೇಲೆತ್ತಬೇಕು. ನಾಲ್ಕಾರು ಗಂಡಾಳು, ತಾಲ್ಲೂಕಿನಿಂದ ಬರುವ ಜೀಪು, ಆ ಜೀಪಿಗೆ ಡೀಸೆಲ್, ಡೀಸೆಲ್ಲಿಗೆ ಸಾಹೇಬರ ರುಜು. ಅಷ್ಟರಲ್ಲಿ ಊರವರು ಹಳೆಯ ಬಾವಿಗೆ ವಾಪಸ್. ಮುಂದೆ ‘ಮಾರ್ಕ್ 3’ ಮಾಡುವಾಗ ಹೆಚ್ಚೇನೂ ಮಾಡಲಿಲ್ಲ, ಪೈಪನ್ನು ಒಂದಿಷ್ಟು ಅಗಲ ಮಾಡಿದರು. ಪೈಪು ಅಲ್ಲೇ ಇರುತ್ತದೆ, ಒಳಗಿನ ಸರಳನ್ನು ಮಾತ್ರ ಎಳೆದುಕೊಂಡರೆ ವಾಷರ್ ಕೈಗೆ ಬರುತ್ತದೆ. ಸ್ಪ್ಯಾನರ್ ಹಿಡಿಯಲು ಕಲಿತ ಹಳ್ಳಿಯ ಹೆಂಗಸರೇ ಹಾಕಿಬಿಡಬಹುದು. ನನ್ನ ಕೈಯಲ್ಲಿ ಬಹುಮಾನವಿದ್ದರೆ ಆ ಅಗಲದ ಪೈಪಿಗೆ ಕೊಡುತ್ತಿದ್ದೆ. ಇಂದಿನ ಅರ್ಜಿಯಲ್ಲಿ ಅದನ್ನು ಬರೆದರೆ ವಿಮರ್ಶಕರು ‘ನಾವೀನ್ಯ ಸಾಲದು’ ಎಂದು ಐದಕ್ಕೆ ಒಂದು ಅಂಕ ಹಾಕುತ್ತಾರೆ.

ಹಾಗೆಂದು ಈ ದೊಡ್ಡ ಹಣವೆಲ್ಲ ಹೊಳೆಯಲ್ಲಿ ತೊಳೆದ ಹುಣಸೆಹಣ್ಣು ಎನ್ನುವವನಲ್ಲ ನಾನು. ಸೊಳ್ಳೆಯ ಕತೆ ಕೇಳಿ. ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಹೊಕ್ಕ ಈಡಿಸ್ ಸೊಳ್ಳೆಯಲ್ಲಿ ಡೆಂಗಿ ವೈರಸ್ ಸರಿಯಾಗಿ ಬೆಳೆಯದು. ಆಸ್ಟ್ರೇಲಿಯಾದ ಸ್ಕಾಟ್ ಓನೀಲ್ ಇದರ ಬೆನ್ನು ಬಿದ್ದು ವರ್ಷಗಟ್ಟಲೆ ಮೊಟ್ಟೆಗೆ ಸೂಜಿ ಚುಚ್ಚಿದವರು. ಗ್ರ್ಯಾಂಡ್ ಚಾಲೆಂಜ್ ಹಣ ಸಿಕ್ಕಿತು. 2011ರಲ್ಲಿ ಕೇರ್ನ್ಸ್ ನಗರದಲ್ಲಿ ಸೊಳ್ಳೆ ಬಿಟ್ಟರು. ಆಮೇಲೆ ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಕಟ್ಟುನಿಟ್ಟಾದ ಪ್ರಯೋಗ ನಡೆಯಿತು. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ ಡೆಂಗಿ ಶೇಕಡಾ 77ರಷ್ಟು ಇಳಿದಿತ್ತು. ಇದು ಹೇಗೆ ಗೆದ್ದಿತು ಎಂದು ಯೋಚಿಸಿದರೆ ನನಗೆ ಹೊಳೆಯುವುದು ಇಷ್ಟೇ: ಸೊಳ್ಳೆಗೆ ಮೇಸ್ತ್ರಿ ಬೇಕಿಲ್ಲ. ತಾಯಿಯಿಂದ ಮರಿಗೆ ಬ್ಯಾಕ್ಟೀರಿಯಾ ತಾನೇ ಹೋಗುತ್ತದೆ, ಪ್ರಾಜೆಕ್ಟು ಮುಗಿದರೂ ಸಂಸಾರ ಮುಗಿಯುವುದಿಲ್ಲ.

ಪ್ರಾಜೆಕ್ಟು ಮುಗಿಯುವುದೂ ಕೆಲವೊಮ್ಮೆ ಮೂರು ವರ್ಷಕ್ಕೂ ಮುಂಚೆಯೇ. ಬ್ರಿಟನ್ ‘ಗ್ಲೋಬಲ್ ಚಾಲೆಂಜಸ್ ರಿಸರ್ಚ್ ಫಂಡ್’ ಎಂದು 150 ಕೋಟಿ ಪೌಂಡಿನ ನಿಧಿ ಕಟ್ಟಿತ್ತು. 2021ರಲ್ಲಿ ಸರ್ಕಾರ ತನ್ನ ವಿದೇಶಿ ನೆರವನ್ನು ರಾಷ್ಟ್ರೀಯ ಆದಾಯದ ಶೇಕಡಾ 0.7ರಿಂದ 0.5ಕ್ಕೆ ಇಳಿಸಿದ್ದೇ ತಡ, ನಡೆಯುತ್ತಿದ್ದ ಪ್ರಾಜೆಕ್ಟುಗಳಿಗೂ ಕತ್ತರಿ ಬಿತ್ತು. 2025ರಲ್ಲಿ ಅಮೆರಿಕದ ನೆರವು ಸಂಸ್ಥೆ ಯುಎಸ್‌ಎಯ್ಡ್ ಬಾಗಿಲೇ ಮುಚ್ಚಿತು. ಜಗತ್ತಿನ ಸವಾಲು ಲಂಡನ್ನಿನ ಬಜೆಟ್ಟಿಗೆ, ವಾಷಿಂಗ್ಟನ್ನಿನ ಚುನಾವಣೆಗೆ ಗಂಟುಬಿದ್ದಿರುತ್ತದೆ ಎನ್ನುವುದನ್ನು ಅರ್ಜಿಯ ‘ರಿಸ್ಕ್’ ಪಟ್ಟಿಯಲ್ಲಿ ಬರೆಯುವ ಧೈರ್ಯ ಯಾರಿಗಿದೆ?

ಪಾಯಖಾನೆಯ ವಿಷಯಕ್ಕೆ ನಗುವಾಗ ಒಂದು ಎಚ್ಚರ ಇರಬೇಕು. ಗುಂಡಿ ತುಂಬಿದರೆ ಬಳಿಯುವವರು ಯಾರು ಎಂಬ ಪ್ರಶ್ನೆಗೆ ನಮ್ಮಲ್ಲಿ ಜಾತಿಯೊಂದೇ ಉತ್ತರವಾಗಿತ್ತು. ಎಪ್ಪತ್ತರ ದಶಕದಲ್ಲಿ, ದೇವರಾಜ ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅದಾದ ಮೇಲೂ ಕೋಲಾರ ಗಣಿಯ ಊರಿನಲ್ಲಿ ಒಣ ಪಾಯಖಾನೆಗಳು ನಡೆದೇ ಇದ್ದವು. ಅಲ್ಲೇ, ಅದೇ ಕೆಲಸದ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವನ್ನು ಒಡೆಸುವ ಚಳವಳಿ ಕಟ್ಟಿದರು. ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 2016ರಲ್ಲಿ. ಮನುಷ್ಯ ಇಳಿಯಬೇಕಿಲ್ಲದ ಯಂತ್ರವನ್ನು ಯಾರೇ ಮಾಡಲಿ, ಸೋಯಾ ಕಲಸಿಯೇ ಮಾಡಲಿ, ನಾನು ಅಡ್ಡ ಬರುವುದಿಲ್ಲ.

ಬರಿಯ ಯಂತ್ರವಲ್ಲದ್ದಕ್ಕೂ ಅದೇ ಗೇಟ್ಸ್ ಕೈಚೀಲದಿಂದ ಕಾಸು ಬಂದಿದೆ. ಬೆಂಗಳೂರಿನ ವಿಮಾನ ನಿಲ್ದಾಣದ ಪಕ್ಕದ ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ ಮಲತ್ಯಾಜ್ಯ ಸಂಸ್ಕರಣಾ ಘಟಕ ಅಂಥದ್ದು. ಇಡೀ ಪಟ್ಟಣಕ್ಕೆಂದೇ ಕಟ್ಟಿದವುಗಳಲ್ಲಿ ದೇಶಕ್ಕೇ ಮೊದಲನೆಯದು. ಕಟ್ಟಿದವರು ಬೆಂಗಳೂರಿನ ಸಿಡಿಡಿ ಸೊಸೈಟಿ. ಪಟ್ಟಣಕ್ಕೆ ಒಳಚರಂಡಿ ಇರಲಿಲ್ಲ, ಗುಂಡಿ ಬಳಿದ ಟ್ಯಾಂಕರಿನವರು ಹೊಲಕ್ಕೋ ಕೆರೆಯಂಗಳಕ್ಕೋ ಸುರಿಯುತ್ತಿದ್ದರು. ಈಗ ಟ್ಯಾಂಕರು ಘಟಕಕ್ಕೆ ಬಂದು ಜಾಲರಿಯ ಬಾಯಿಗೆ ಪೈಪು ಇಡುತ್ತದೆ. ಮೊದಲು ಸಿಕ್ಕಿಬೀಳುವುದು ಪ್ಲಾಸ್ಟಿಕ್ಕು, ಬಟ್ಟೆ, ಪ್ಯಾಡು. ನಾವು ಕಮೋಡಿಗೆ ಏನೇನು ಹಾಕುತ್ತೇವೆಂಬ ಪಂಚನಾಮೆ ಅಲ್ಲೇ ಆಗಿಬಿಡುತ್ತದೆ. ಮುಂದೆ ತೊಟ್ಟಿಯಿಂದ ತೊಟ್ಟಿಗೆ ಇಳಿಜಾರಿನಲ್ಲೇ ಇಳಿದು ಕೊಳೆತು, ಜಲ್ಲಿ ಮರಳಿನ ಪಾತಿಯಲ್ಲಿ ಬಿಸಿಲಿಗೆ ಒಣಗುತ್ತದೆ. ಸೋಸಿದ ನೀರು ಗಿಡ ನೆಟ್ಟ ಜಲ್ಲಿಯ ಮೂಲಕ ಹಾಯುತ್ತದೆ. ಒಣಗಿದ್ದನ್ನು ಊರಿನ ಹಸಿಕಸದ ಜತೆ ಗೊಬ್ಬರ ಮಾಡಿ ರೈತರಿಗೆ ಮಾರುತ್ತಾರೆ. ಇಂಥ ಘಟಕಗಳು ಈಗ ದೇಶದಲ್ಲಿ ನೂರಾರು ಆಗಿವೆ. ಮೊಬೈಲಿಗೆ ಮೆಸೇಜು ಕಳಿಸುವಂಥದ್ದೇನೂ ಅಲ್ಲಿಲ್ಲ. ವಾಲ್ವು ಕೈಕೊಟ್ಟರೆ ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹುಡುಗನನ್ನು ಅಟ್ಟುತ್ತಾರೆ. ಬಿಲ್ಲಿನ ದುಡ್ಡು ಪುರಸಭೆ ಹೊತ್ತಿಗೆ ಸರಿಯಾಗಿ ಕೊಡುತ್ತದೆಯೇ ಎಂದು ಕೇಳಬೇಡಿ, ಅದು ಬೇರೆಯೇ ಹರಟೆಯ ವಿಷಯ.