ಒಂದು ಕಥೆ, ಎರಡು ಪತ್ರಿಕೆ

ಮೂರನೇ ಸೆಮಿಸ್ಟರ್ ರಜೆಯಲ್ಲಿ ನಾನೊಂದು ಕಥೆ ಬರೆದೆ. ಊರಿನ ಹಿಟ್ಟಿನ ಗಿರಣಿ ಮುಚ್ಚಿದ ದಿನದ ಕಥೆ. ಗಿರಣಿ ನಮ್ಮ ಅಜ್ಜನದೇ. ರೂಮ್‌ಮೇಟ್ ಓದಿ, "ಚೆನ್ನಾಗಿದೆ ಮಗಾ, ಎಲ್ಲಾದ್ರೂ ಕಳ್ಸು" ಅಂದ. ಎಲ್ಲಿಗೆ? ನಮ್ಮಿಬ್ಬರಿಗೂ ಗೊತ್ತಿದ್ದದ್ದು ಮನೆಗೆ ಬರುತ್ತಿದ್ದ ‘ಸುಧಾ’, ಕಟಿಂಗ್ ಶಾಪಲ್ಲಿ ಬಿದ್ದಿರುತ್ತಿದ್ದ ‘ತರಂಗ’, ಅಷ್ಟೇ.

ಪ್ಲೇಸ್‌ಮೆಂಟಿಗೆ ರೆಸ್ಯೂಮೆ ಕಳಿಸೋ ಹಾಗೆ, ಸಿಕ್ಕ ಇಮೇಲ್ ವಿಳಾಸಗಳಿಗೆಲ್ಲ ಒಂದೇ ರಾತ್ರಿ ಕಳಿಸಿದೆ. ಅವುಗಳಲ್ಲಿ ಎಂಥ ಕಥೆ ಬರುತ್ತೆ ಅಂತ ನೋಡಿರಲಿಲ್ಲ. ಸಾಲದ್ದಕ್ಕೆ ‘ನುಡಿ’ಯ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದೆ. ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆರೆದರೆ ಅಕ್ಷರದ ಬದಲು ಬರೀ ಚಿಹ್ನೆಗಳು. ಓದೋದು ಕಂಪ್ಯೂಟರ್ ಸೈನ್ಸ್ ಬೇರೆ! ಒಬ್ಬ ಸಂಪಾದಕರು ಮಾತ್ರ ‘ಯೂನಿಕೋಡಿನಲ್ಲಿ ಕಳಿಸಿ’ ಎಂದು ಒಂದು ಸಾಲು ಬರೆದರು. ಎಲ್ಲರಿಗೂ ಮತ್ತೆ ಕಳಿಸಿದೆ.

ತಿಂಗಳೊಳಗೆ ಒಂದು ಜಾಲಪತ್ರಿಕೆಯಲ್ಲಿ ಕಥೆ ಬಂತು. ಲಿಂಕನ್ನು ಮನೆಯವರ ಗ್ರೂಪಿಗೆ ಹಾಕಿದೆ. ಅಜ್ಜನಿಗೆ ಮೊಬೈಲಲ್ಲಿ ಓದೋಕಾಗಲ್ಲ. "ಪುಸ್ತಕದಲ್ಲಿ ಬಂದ್ರೆ ತಗೊಂಡ್ ಬಾರೋ" ಅಂದರು.

ಐದನೇ ತಿಂಗಳು, ಇಂಟರ್ನಲ್ಸ್ ಮಧ್ಯೆ, ಫೋನ್ ಬಂತು. ಮುದ್ರಿತ ಪತ್ರಿಕೆಯೊಂದರ ಸಂಪಾದಕರು. "ನಿಮ್ಮ ಗಿರಣಿ ಕಥೆ ಮುಂದಿನ ಸಂಚಿಕೆಗೆ ತಗೊಂಡಿದ್ದೀವಿ. ಬೇರೆಲ್ಲೂ ಬಂದಿಲ್ಲ ತಾನೇ?"

ಇಲ್ಲ ಅನ್ನಬಹುದಿತ್ತು. ನಾಲಿಗೆ ತುದಿವರೆಗೂ ಬಂದಿತ್ತು. ಅಜ್ಜನ ಕೈಗೆ ಪತ್ರಿಕೆ ಕೊಡೋದು ಕಣ್ಣ ಮುಂದೆ ಬರುತ್ತಿತ್ತು.

"ಬಂದಿದೆ ಸರ್" ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. "ಚಿತ್ರಾನೂ ಬರೆಸಿಯಾಗಿತ್ತು. ಒಂದು ಮೇಲ್ ಹಾಕಿದ್ರೆ ಸಾಕಿತ್ತಲ್ವಾ?" ಬೈಯಲಿಲ್ಲ. ಬೈದಿದ್ದರೇ ವಾಸಿ ಅನ್ನಿಸಿತು. "ಇನ್ನೊಂದು ಬರೆದಾಗ ಕಳಿಸಿ. ನಮಗೆ ಮಾತ್ರ" ಎಂದು ಇಟ್ಟುಬಿಟ್ಟರು.

ಆಮೇಲೆ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಹಳೇ ಸಂಚಿಕೆಗಳನ್ನು ಓದಿದೆ. ‘ಮಯೂರ’, ‘ತುಷಾರ’, ‘ಕಸ್ತೂರಿ’ಯಂಥ ಮಾಸಿಕಗಳಲ್ಲಿ ಕಥೆಗೆ ಕೈಕಾಲು ಚಾಚೋಕೆ ಜಾಗ ಇರುತ್ತೆ. ವಾರಪತ್ರಿಕೆಗೆ ಪುಟದ ಲೆಕ್ಕ ಬಿಗಿ. ‘ಪ್ರಜಾವಾಣಿ’ ದೀಪಾವಳಿ ಕಥಾಸ್ಪರ್ಧೆಯ ಪ್ರಕಟಣೆಯನ್ನು ಪೂರ್ತಿ ಓದಬೇಕು, ಕೊನೇ ದಿನಾಂಕವನ್ನಷ್ಟೇ ಅಲ್ಲ. ‘ಕೆಂಡಸಂಪಿಗೆ’, ‘ಅವಧಿ’ ಫೋನಲ್ಲೇ ಸಿಗುತ್ತವೆ, ಮೆಸ್ ಕ್ಯೂನಲ್ಲಿ ನಿಂತೂ ಓದಬಹುದು. ಸಾಮಾನ್ಯವಾಗಿ ಎಲ್ಲರೂ ಕೇಳೋದು ಸ್ವಂತ, ಅಪ್ರಕಟಿತ ಕಥೆಯನ್ನು. ಫೇಸ್‌ಬುಕ್ಕಲ್ಲಿ ಹಾಕಿದರೂ ಎಷ್ಟೋ ಕಡೆ ಅದು ಪ್ರಕಟವಾದ ಲೆಕ್ಕವೇ. ಇಷ್ಟು ಓದಿದ ಮೇಲೆ ನನ್ನ ಗಿರಣಿ ಕಥೆಯ ಮೊದಲ ಎರಡು ಪುಟ ಬೇಕಾಗೇ ಇರಲಿಲ್ಲ ಅಂತಲೂ ಗೊತ್ತಾಯಿತು. ಅದು ಬೇರೆ ಸಂಕಟ.

ಎರಡನೇ ಕಥೆ ಆ ಸಂಪಾದಕರಿಗೇ ಕಳಿಸಿದ್ದೀನಿ, ಅವರಿಗೆ ಮಾತ್ರ. ಲ್ಯಾಬ್ ರೆಕಾರ್ಡಿನ ಕೊನೇ ಪುಟದಲ್ಲಿ ತಾರೀಖು ಬರೆದಿಟ್ಟಿದ್ದೀನಿ. ಇವತ್ತಿಗೆ 71 ದಿನ. ಅಜ್ಜ ಪ್ರತಿ ಭಾನುವಾರ ಫೋನಲ್ಲಿ ಕೇಳ್ತಾರೆ, "ಬಂತೇನೋ?"